ಮೈಷುಗರ್ ಬಗ್ಗೆ ಪದೇ ಪದೇ ಬರೋ ಪ್ರಶ್ನೆಗಳು

ಪ್ರಶ್ನೆ: ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಯಾಕೆ ಇಷ್ಟು ಕುಂಟ್ತಿದೆ? ಸರ್ಕಾರಿ ಫ್ಯಾಕ್ಟರಿ ಅಂದ್ಮೇಲೆ ಲಾಸ್ ಆಗ್ಲೇಬೇಕು ಅಲ್ವಾ?

ಪ್ರತಿ ಸೀಸನ್ನಲ್ಲೂ ಇದೇ ಪ್ರಶ್ನೆ, ಕೇಳೋವಾಗ್ಲೇ ತೀರ್ಪು ಕೊಟ್ಟಿರ್ತಾರೆ, ನಂಗೆ ಬೇಜಾರಾಗೋದು ಅದಕ್ಕೆ. 1933ರಲ್ಲಿ ಈ ಕಂಪನಿ ಕಟ್ಟಿದ್ದೇ ಮೈಸೂರು ಸರ್ಕಾರ. ಕೆಆರ್‌ಎಸ್ ನೀರು ಇರ್ವಿನ್ ನಾಲೆಯಲ್ಲಿ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ರಾಗಿ ಹುರುಳಿ ಬೆಳೀತಿದ್ದ ಹೊಲಕ್ಕೆ ಬಂತು, ಆ ನೀರಿಗೆ ಕಬ್ಬೇ ಸರಿ ಅಂತ ಕೃಷಿ ಇಲಾಖೆ ಡೈರೆಕ್ಟರ್ ಲೆಸ್ಲಿ ಕೋಲ್ಮನ್ ಪಟ್ಟು ಹಿಡಿದ್ರು, 1932ರಲ್ಲಿ ಬ್ರಿಟಿಷ್ ಸರ್ಕಾರ ಹೊರಗಿಂದ ಬರೋ ಸಕ್ಕರೆ ಮೇಲೆ ರಕ್ಷಣಾ ಸುಂಕದ ಕಾಯ್ದೆ ಮಾಡಿದ್ದರಿಂದ ಜಾವಾ ಸಕ್ಕರೆ ಕಾಟಾನೂ ತಪ್ತು. ಶುರುವಲ್ಲಿ ದಿನಕ್ಕೆ 400 ಟನ್ ಅರೆಯೋ ಮಿಲ್ಲು. ನೀರು, ಕಬ್ಬು, ಮಿಲ್ಲು ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದ್ರು, ಇದನ್ನ ಯಾರೂ ಹೇಳಲ್ಲ.

ಆಮೇಲೆ ಸಾಮರ್ಥ್ಯ 5000 ಟನ್‌ಗೆ ಹೋಯ್ತು. 150 ದಿನ ಓಡಿಸ್ಬೇಕು ಅಂದ್ರೆ ಏಳೂವರೆ ಲಕ್ಷ ಟನ್ ಕಬ್ಬು ಬೇಕು. 1998ರಲ್ಲಿ ಸಕ್ಕರೆ ಫ್ಯಾಕ್ಟರಿ ಹಾಕೋಕೆ ಲೈಸೆನ್ಸ್ ಬೇಕು ಅನ್ನೋ ಪದ್ಧತಿ ಹೋಯ್ತು, ಸುತ್ತಮುತ್ತ ಖಾಸಗಿಯವರ ಪೈಪೋಟಿ ಇದೆ, ಆಲೆಮನೆಯವರು ಕೈಗೆ ಕಾಸು ಕೊಡ್ತಾರೆ, ಕಾವೇರಿ ಕೈಕೊಟ್ಟ ವರ್ಷ ನಾಟಿಯೇ ಕಮ್ಮಿ. ಅರ್ಧ ಕಬ್ಬು ಬಂದ್ರೆ ಸಂಬಳ, ಸಾಲದ ಬಡ್ಡಿ, ರಿಪೇರಿ ಯಾವುದೂ ಅರ್ಧ ಆಗಲ್ಲ ನೋಡಿ. ಕಬ್ಬು ಹಾಕಿದ 14 ದಿನದಲ್ಲಿ ದುಡ್ಡು ಕೊಡ್ಬೇಕು ಅಂತ ಕಾನೂನಿದೆ, ಬಟವಾಡೆ ತಡ ಆದ್ರೆ ರೈತ ಮುಂದಿನ ವರ್ಷ ಬೇರೆ ಗೇಟಿಗೆ ಗಾಡಿ ತಿರುಗಿಸ್ತಾನೆ, ಅವನನ್ನ ಬೈಯ್ಯೋಕೆ ನಮಗೇನು ಹಕ್ಕು?

ಇನ್ನೊಂದು, ಮಿಲ್ಲು ನಿಂತು ನಿಂತು ಓಡೋದು. ಬಾಯ್ಲರ್ ಕೆಟ್ಟು ನಿಂತ್ರೆ ಟ್ಯಾಂಕಲ್ಲಿರೋ ರಸ ಕೆಲವೇ ಗಂಟೇಲಿ ಹುಳಿಯಾಗುತ್ತೆ, ರೋಲರ್ ಸಂದೀಲಿ ಲೋಳೆ ಕಟ್ಟುತ್ತೆ, ಯಾರ್ಡಲ್ಲಿ ಟ್ರ್ಯಾಕ್ಟರ್ ಮೇಲೆ ಒಣಗ್ತಾ ನಿಂತ ಕಬ್ಬಲ್ಲಿ ಸುಕ್ರೋಸ್ ಒಡೆದು ಹರಳುಗಟ್ಟದ ಸಕ್ಕರೆ ಆಗಿ ಮೊಲಾಸಿಸ್, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಪಾಕದ ಪಾಲಾಗುತ್ತೆ. ತೂಕಕ್ಕೆ ದುಡ್ಡು ಕೊಟ್ಟಾಗಿದೆ, ಮೂಟೆಗೆ ಸಕ್ಕರೆ ಬಂದಿಲ್ಲ. ಅರೆದ ಕಬ್ಬಿನ ಸಿಪ್ಪೆನೇ ಬಾಯ್ಲರಿಗೆ ಉರುವಲು, ಅರೆಯೋದು ನಿಂತ್ರೆ ಅದೂ ಇಲ್ಲ, ಮತ್ತೆ ಹಬೆ ಏರಿಸೋಕೆ ಸೌದೆಗೋ ಕಲ್ಲಿದ್ದಲಿಗೋ ದುಡ್ಡು ಸುರೀಬೇಕು. ಕೆಲವು ವರ್ಷ ಬಾಗಿಲು ಹಾಕಿದ್ದ ಫ್ಯಾಕ್ಟರಿ 2022ರಲ್ಲಿ ಮತ್ತೆ ಶುರುವಾಗಿದ್ದು ನಂಗೆ ತುಂಬಾ ಸಂತೋಷ, ಆದ್ರೆ ಹಳೇ ಮಿಷಿನ್ನಿಗೆ ತೇಪೆ ಹಾಕಿ ಓಡಿಸಿದ್ರೆ ಇದೇ ಗೋಳು. ಮೊದ್ಲು ಬಾಯ್ಲರ್ ಸರಿ ಮಾಡಿ, ಬಟವಾಡೆ ದುಡ್ಡು ಎತ್ತಿಡಿ, ಆಮೇಲೆ ಕಬ್ಬು ಒಪ್ಪಂದ ಮಾಡ್ಕೊಳ್ಳಿ. ರೈತರಿಗೆ ನಾನು ಹೇಳೋದು, ಕಬ್ಬು ಕಡೀರಿ ಅಂತ ಮಿಲ್ಲು ಕೊಡೋ ಕಟಿಂಗ್ ಆರ್ಡರ್ ಕೈಗೆ ಬಂದು, ಮಿಲ್ಲು ಓಡ್ತಿದೆ ಅಂತ ವಿಚಾರಿಸಿಕೊಳ್ಳೋವರೆಗೂ ಒಂದು ಜಲ್ಲೆಗೂ ಕತ್ತಿ ಹಾಕ್ಬೇಡಿ.

ಪ್ರಶ್ನೆ: ಖಾಸಗಿಯವರಿಗೆ ಕೊಟ್ಟುಬಿಟ್ರೆ?

ರೈತರ ದುಡ್ಡು ಬಾಕಿ ಉಳಿಸ್ಕೊಂಡ ಖಾಸಗಿ ಫ್ಯಾಕ್ಟರಿಗಳೂ ಈ ರಾಜ್ಯದಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಇದನ್ನ ವಿಶ್ವೇಶ್ವರಯ್ಯನೋರೇ ದಿವಾನರಾಗಿದ್ದಾಗ ಕಟ್ಟಿಸಿದ್ದು ತಾನೇ?

ಅಲ್ಲ. ಅವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ, ಫ್ಯಾಕ್ಟರಿ ಬಂದಾಗ ದಿವಾನರು ಮಿರ್ಜಾ ಇಸ್ಮಾಯಿಲ್. ಕೋಲ್ಮನ್ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಿ ದಯವಿಟ್ಟು.

ಪ್ರಶ್ನೆ: ಸಕ್ಕರೆ ಬೆಳ್ಳಗಾಗೋಕೆ ಮೂಳೆ ಪುಡಿ ಹಾಕ್ತಾರಂತೆ?

ನಮ್ಮ ಕಡೆ ಮಿಲ್ಲುಗಳಲ್ಲಿ ರಸ ತಿಳಿ ಮಾಡೋದು ಸುಣ್ಣ, ಗಂಧಕದ ಹೊಗೆಯಿಂದ. ಆ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಸಿ.

ಪ್ರಶ್ನೆ: ಕಟಾವಿಗೆ ಮುಂಚೆ ಸಿಂಪಡಿಸಿದ್ರೆ ಸಕ್ಕರೆ ಇಳುವರಿ ಏರೋ ಔಷಧಿ ಅಂತ ಒಬ್ರು ಮನೆ ಬಾಗಿಲಿಗೇ ತರ್ತಾರೆ, ತಗೋಬಹುದಾ?

ಲೇಬಲ್ ಇಲ್ಲದ ಬಾಟಲಿ ಹಿಡ್ಕೊಂಡು ಬರೋನನ್ನ ಗದ್ದೆ ಹತ್ರ ಸೇರಿಸ್ಬೇಡಿ, ಎಷ್ಟು ಸಲ ಹೇಳೋದು! ಸಕ್ಕರೆ ಅಂಶ ನಿಂತಿರೋದು ತಳಿ ಮೇಲೆ, ಕಬ್ಬಿನ ವಯಸ್ಸಿನ ಮೇಲೆ. ತೂಕದ ಆಸೆಗೆ ಕಟಾವಿನ ಹಿಂದಿನ ವಾರ ನೀರು ಹಾಯಿಸೋದು ಬಿಡಿ, ಬುಡ ಮಟ್ಟಕ್ಕೆ ಕಡೀರಿ, ಸಕ್ಕರೆ ಜಾಸ್ತಿ ಇರೋದು ಅಲ್ಲೇ. ಸೋಗೆ ದನಕ್ಕೆ ಹಾಕಿ, ಮಿಲ್ಲಿಗೆ ತುಂಬಬೇಡಿ.