ಮರ್ಮಗೋವಾದಲ್ಲಿ ಹಡಗು ಮುಳುಗಿಸಿದ್ದು ಯಾರು?

ತೀರ್ಥಹಳ್ಳಿಯ ಓದುಗರೊಬ್ಬರ ಪತ್ರ: "1943ರಲ್ಲಿ ಬ್ರಿಟಿಷರು ತಟಸ್ಥ ಗೋವಾಕ್ಕೆ ನುಗ್ಗಿ ಜರ್ಮನ್ ಹಡಗುಗಳನ್ನು ಬಾಂಬಿಟ್ಟು ಮುಳುಗಿಸಿದರಂತೆ. ಶತ್ರು ಹಡಗುಗಳು ಅಲ್ಲಿದ್ದದ್ದೇ ತಪ್ಪಲ್ಲವೆ?"

ಮಾನ್ಯರೇ,

ಅಲ್ಲ. ಸಮುದ್ರಯುದ್ಧದಲ್ಲಿ ತಟಸ್ಥರ ಬಗೆಗಿನ 1907ರ ಹೇಗ್ ಒಪ್ಪಂದದಲ್ಲಿ, ತಟಸ್ಥ ಬಂದರಿನಲ್ಲಿ 24 ಗಂಟೆಗಿಂತ ಹೆಚ್ಚು ನಿಲ್ಲಬಾರದೆಂಬ ಗಡುವು ಯುದ್ಧನೌಕೆಗಳಿಗೆ ಮಾತ್ರ. ಸರಕಿನ ಹಡಗು ತಟಸ್ಥ ಬಂದರಿನಲ್ಲಿ ಯುದ್ಧ ಮುಗಿಯುವ ತನಕ ಲಂಗರು ಹಾಕಿ ಕೂರಬಹುದು. ಬ್ರೆಮೆನ್ನಿನ ಹನ್ಸಾ ಕಂಪನಿಯ ಎರೆನ್‌ಫೆಲ್ಸ್, ಬ್ರೌನ್‌ಫೆಲ್ಸ್, ಡ್ರಾಕೆನ್‌ಫೆಲ್ಸ್ ಕೂತಿದ್ದದ್ದು ಹಾಗೆಯೇ. ಜೊತೆಗೆ ಇಟಲಿಯ ಆನ್‌ಫೋರಾ. ಆದರೆ ಅಂಥ ಬಂದರಿನಿಂದ ಯುದ್ಧದ ಕೆಲಸಕ್ಕೆ ರೇಡಿಯೊ ಸಂದೇಶ ಕಳಿಸುವ ವ್ಯವಸ್ಥೆ ಹೂಡುವುದನ್ನು ಅದೇ ಒಪ್ಪಂದದ 5ನೇ ವಿಧಿ ಬಿಡಿಸಿ ಹೇಳಿ ನಿಷೇಧಿಸುತ್ತದೆ. ಎರೆನ್‌ಫೆಲ್ಸ್‌ನಿಂದ ಜರ್ಮನ್ ಜಲಾಂತರ್ಗಾಮಿಗಳಿಗೆ ತಮ್ಮ ಕಡೆಯ ಹಡಗುಗಳ ಸುಳಿವು ಹೋಗುತ್ತಿದೆ ಎಂಬುದು ಬ್ರಿಟಿಷರ ಆರೋಪವಾಗಿತ್ತು. ನಿಜವೇ ಇದ್ದರೂ ತಡೆಯಬೇಕಾದವರು ಪೋರ್ಚುಗೀಸರು. ತಟಸ್ಥ ನೀರಿನಲ್ಲಿ ಹಡಗು ಹಿಡಿಯುವುದು ಕೂಡ 2ನೇ ವಿಧಿಯ ಪ್ರಕಾರ ಉಲ್ಲಂಘನೆಯೇ.

ಇದು ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸೈನ್ಯ ಕಳಿಸಲಿಲ್ಲ. ಎಸ್‌ಒಇ ಎಂಬ ಗುಪ್ತ ಸಂಸ್ಥೆಯ ಲೂಯಿಸ್ ಪ್ಯೂ ಕಲ್ಕತ್ತಾ ಲೈಟ್ ಹಾರ್ಸ್‌ನ ಹವ್ಯಾಸಿ ಸೈನಿಕರನ್ನು ಆರಿಸಿಕೊಂಡ. ಹೆಚ್ಚಿನವರು ಕಂಪನಿ ಕಚೇರಿಗಳಲ್ಲಿ ಕೆಲಸಕ್ಕಿದ್ದ ನಡುವಯಸ್ಸಿನವರು. ಸಿಕ್ಕಿಬಿದ್ದರೆ ಸರ್ಕಾರ ಕೈತೊಳೆದುಕೊಳ್ಳಬಹುದಲ್ಲ! ಬಂದರಿನ ಹೂಳು ಸಾಗಿಸುವ ಫೀಬಿ ಎಂಬ ನಿಧಾನದ ನೌಕೆ ಕಲ್ಕತ್ತೆಯಿಂದ ಸಿಂಹಳ ಬಳಸಿ ಬಂತು. ಇವರು ರೈಲಿನಲ್ಲಿ ಕೊಚ್ಚಿಗೆ ಹೋಗಿ ಅದನ್ನು ಹತ್ತಿದರು. ಗೊತ್ತುಮಾಡಿದ ರಾತ್ರಿ ಮಾರ್ಚ್ 9ರದು, ಗೋವಾದ ಕಾರ್ನಿವಲ್ ಸಮಯ. ಹಡಗಿನವರು ಆದಷ್ಟು ಮಂದಿ ದಡಕ್ಕಿಳಿಯಲೆಂದು ಊರಿನಲ್ಲಿ ಔತಣವನ್ನೂ ಏರ್ಪಡಿಸಿದ್ದರು.

ಇನ್ನು ನಿಮ್ಮ "ಬಾಂಬಿಟ್ಟು" ಎಂಬ ಮಾತು. ಎರೆನ್‌ಫೆಲ್ಸ್ ಹತ್ತಿ, ಲಂಗರಿನ ಸರಪಳಿ ಕತ್ತರಿಸಿ, ಹಡಗನ್ನು ಸಮುದ್ರಕ್ಕೆ ಎಳೆದೊಯ್ಯುವುದು ಬ್ರಿಟಿಷರ ಯೋಜನೆ. ಕೆಟ್ಟದ್ದು ಅಲ್ಲೇ. ಹಡಗು ಕೈತಪ್ಪುವ ಹೊತ್ತು ಬಂದರೆ ತಾವೇ ಮುಳುಗಿಸಲು ಜರ್ಮನರು ಮೊದಲೇ ಸಜ್ಜಾಗಿದ್ದರು. ಕೆರೆಯ ತೂಬು ಎತ್ತಿದಂತೆ ತಳದ ಕವಾಟಗಳನ್ನು ತೆರೆದರು, ಬೆಂಕಿಯನ್ನೂ ಹಚ್ಚಿದರು. ಒಳಗೆ ನೀರು ತುಂಬುತ್ತಿರುವ ಹಡಗನ್ನು ಎಳೆಯುವುದು ಸಾಧ್ಯವಿಲ್ಲ. ಕಾದಾಟದಲ್ಲಿ ಎರೆನ್‌ಫೆಲ್ಸ್‌ನ ಕ್ಯಾಪ್ಟನ್ ಸತ್ತ. ಉಳಿದ ಮೂರು ಹಡಗುಗಳನ್ನು ಯಾರೂ ಹತ್ತಲೇ ಇಲ್ಲ; ಗದ್ದಲ ಕೇಳಿ, ಉರಿ ನೋಡಿ, ಅವುಗಳ ಸಿಬ್ಬಂದಿಯೇ ಅವನ್ನೂ ಸುಟ್ಟು ಮುಳುಗಿಸಿದರು.

ಆಗುಂಬೆಯಿಂದ ಕಾಣುವ ಸಮುದ್ರದಲ್ಲೇ ನಡೆದರೂ ಈ ಸಂಗತಿ ಮೂರು ದಶಕಕ್ಕೂ ಹೆಚ್ಚು ಕಾಲ ಗುಟ್ಟಾಗಿತ್ತು. ಹೊರಬಿದ್ದ ಮೇಲೆ, ಎರೆನ್‌ಫೆಲ್ಸ್‌ನ ರೇಡಿಯೊ ನಿಂತದ್ದರಿಂದಲೇ ಬ್ರಿಟಿಷರ ಕಡೆಯ ಹಡಗುಗಳು ಜಲಾಂತರ್ಗಾಮಿಗಳಿಂದ ಉಳಿದವು ಎಂಬ ಲೆಕ್ಕವೂ ಹುಟ್ಟಿತು. ನನಗದು ಒಪ್ಪಿಗೆಯಿಲ್ಲ. ಜಲಾಂತರ್ಗಾಮಿಯ ಬೇಟೆ ಇಂಧನ, ಹಡಗು ಮಾರ್ಗ, ಕಾವಲು ಎಲ್ಲವನ್ನೂ ಅವಲಂಬಿಸಿರುತ್ತದೆ. ಅದೇ ವರ್ಷದ ಜೂನ್, ಜುಲೈನಲ್ಲೂ ಜರ್ಮನ್ ಜಲಾಂತರ್ಗಾಮಿಗಳು ಹಿಂದೂ ಮಹಾಸಾಗರದಲ್ಲಿ ಹಡಗುಗಳನ್ನು ಮುಳುಗಿಸುತ್ತಲೇ ಇದ್ದವು.

— ಸಂಪಾದಕ, ಶಿವಮೊಗ್ಗ