ಮೈಕ್ ಎಂಟು, ಟ್ರ್ಯಾಕ್ ಎರಡೇ ಯಾಕೆ?

ಪ್ರಶ್ನೆ: ನಮ್ಮದು ಭಜನಾ ಮೇಳ ಸರ್. ಹಾರ್ಮೋನಿಯಂ ಒಂದು, ತಬಲಾಕ್ಕೆ ಎರಡು, ತಾಳ-ದಮ್ಮಡಿಗೆ ಒಂದು, ಮುಂದೆ ಹಾಡುವವರಿಗೆ ಎರಡು, ಹಿಂದೆ ದನಿ ಕೂಡಿಸುವವರಿಗೆ ಎರಡು, ಒಟ್ಟು ಎಂಟು ಮೈಕ್. ಹೋದ ತಿಂಗಳು 12 ಚಾನೆಲ್ಲಿನ ಯುಎಸ್‌ಬಿ ಮಿಕ್ಸರ್ ತಂದೆವು. ಲ್ಯಾಪ್‌ಟಾಪಿಗೆ ಹಚ್ಚಿದರೆ ಎರಡೇ ಟ್ರ್ಯಾಕ್ ಬರುತ್ತವೆ. ತಬಲಾ ಜಾಸ್ತಿ ಆಗಿದೆ, ಆಮೇಲೆ ಇಳಿಸೋಣ ಅಂದರೆ ಆಗುತ್ತಿಲ್ಲ. ಅಂಗಡಿಯವರು ಕೇಬಲ್ ಬದಲಿಸಿ ಅಂದರು, ಬದಲಿಸಿದೆವು, ಮತ್ತೆ ಅದೇ ಹಾಡು. ಮಿಕ್ಸರ್ ಕೆಟ್ಟಿದೆಯಾ?
(ರಬಕವಿಯ ಓದುಗರು)

ಉತ್ತರ: ಮಿಕ್ಸರ್ ಚೆನ್ನಾಗಿದೆ. ಹಳೇ ಕೇಬಲ್ಲೂ ಚೆನ್ನಾಗಿತ್ತು, ಸುಮ್ನೆ ದುಡ್ಡು ಹೋಯಿತು. ಡಬ್ಬಿಯ ಮೇಲೆ ದೊಡ್ಡದಾಗಿ 12 ಅಂತ ಬರೆದಿರುವುದು ನೀವು ವೈರ್ ಚುಚ್ಚುವ ಜಾಗದ ಲೆಕ್ಕ. ಯುಎಸ್‌ಬಿಯಲ್ಲಿ ಎಷ್ಟು ಟ್ರ್ಯಾಕ್ ಹೋಗುತ್ತವೆ ಅನ್ನುವುದು ಬೇರೆಯೇ ಲೆಕ್ಕ. ಮ್ಯಾನುಯಲ್ಲಿನ ಕೊನೆಯ ಪುಟಗಳಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಯುಎಸ್‌ಬಿ 2 ಇನ್, 2 ಔಟ್’ ಅಂತ ಇರುತ್ತದೆ, ಹುಡುಕಿ. ಇಂಥ ಮಿಕ್ಸರ್‌ನಲ್ಲಿ ಎಂಟೂ ಮೈಕ್ ಮೊದಲು ಒಳಗೇ ಕೂಡಿ ಎಡ-ಬಲ ಎರಡು ಆಗುತ್ತವೆ, ಆ ಎರಡು ಮಾತ್ರ ಲ್ಯಾಪ್‌ಟಾಪಿಗೆ ಹೋಗುತ್ತವೆ. ಅದರಿಂದ ತಬಲಾ ಬೇರೆ ಮಾಡುವುದು ಅಂದರೆ ಹುಗ್ಗಿ ಕುದಿಸಿದ ಮೇಲೆ ಬೆಲ್ಲ ತೆಗೆಯಲು ಕೂತ ಹಾಗೆ.

ನಿಮ್ಮೊಬ್ಬರ ಕಥೆ ಅಲ್ಲ ಇದು. ಯಮಾಹಾ ಎಂಜಿ10ಎಕ್ಸ್‌ಯು 10 ಚಾನೆಲ್ಲಿನದು, ಯುಎಸ್‌ಬಿ ಮಾತ್ರ 2 ಇನ್, 2 ಔಟ್. ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಕೂಡ ಅಷ್ಟೇ. ಅದೇ ಹೆಸರಿನ ಮುಂದೆ ‘ಎಂಟಿಕೆ’ ಅಂತ ಇರುವುದನ್ನು ತಗೊಂಡರೆ 14 ಟ್ರ್ಯಾಕ್ ಲ್ಯಾಪ್‌ಟಾಪಿಗೆ ಹೋಗುತ್ತವೆ, 12 ವಾಪಸ್ ಬರುತ್ತವೆ. ಆ ಮೂರು ಅಕ್ಷರ ನೋಡದೆ ದುಡ್ಡು ಕೊಟ್ಟರೆ ಮುಗೀತು.

ಹಾಗಾದರೆ ಯುಎಸ್‌ಬಿಯೇ ಸಾಲುವುದಿಲ್ಲವಾ? ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 48 ಸಾವಿರ ಸಲ ದನಿ ಅಳೆದು (48 ಕಿಲೋಹರ್ಟ್ಸ್), ಪ್ರತಿ ಸಲ 24 ಬಿಟ್‌ನಲ್ಲಿ ಬರೆಯುವ ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1.152 ಮೆಗಾಬಿಟ್ ಬೇಕು. 32 ಟ್ರ್ಯಾಕ್ ಅಂದರೂ 37 ದಾಟುವುದಿಲ್ಲ. 2000ದಲ್ಲೇ ಬಂದ ಯುಎಸ್‌ಬಿ 2.0ದ ವೇಗ 480 ಮೆಗಾಬಿಟ್. ಬೆಹ್ರಿಂಗರ್ ಎಕ್ಸ್32 ಅದೇ ಯುಎಸ್‌ಬಿ 2.0ದಲ್ಲಿ 32 ಕಳಿಸಿ 32 ವಾಪಸ್ ತಗೊಳ್ಳುತ್ತದೆ. ದಾರಿ ಅಗಲವೇ ಇದೆ, ಗಾಡಿ ಸಣ್ಣದು. ಪ್ರತಿ ಮೈಕಿನ ದನಿಯನ್ನೂ ಬೇರೆಬೇರೆಯಾಗಿ ಡಿಜಿಟಲ್ ಮಾಡಬೇಕೆಂದರೆ ಪ್ರತಿ ಚಾನೆಲ್ಲಿಗೂ ಒಂದು ಕನ್ವರ್ಟರ್ ಬೇಕು, ಅಷ್ಟನ್ನೂ ಒಟ್ಟಿಗೆ ಕಳಿಸುವ ಚಿಪ್ ಬೇಕು, ಅದನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಸಾಫ್ಟ್‌ವೇರ್ ಬರೆದು ವರ್ಷಗಟ್ಟಲೆ ನೋಡಿಕೊಳ್ಳಬೇಕು. ಎರಡು ಟ್ರ್ಯಾಕಿನ ಚಿಪ್ ಅಗ್ಗ, ಡ್ರೈವರ್ ಇಲ್ಲದೆಯೂ ನಡೆಯುತ್ತದೆ.

ಇನ್ನೊಂದು ಸಂಗತಿ ಇದೆ. ಅಗ್ಗದ ಸಾಮಾನಿನಲ್ಲಿ ಈಗಲೂ 12 ಮೆಗಾಬಿಟ್‌ನ ಹಳೇ ವೇಗದ ಚಿಪ್ ಇರುತ್ತದೆ. ಅದರಲ್ಲಿ ಒಂದು ಮಿಲಿಸೆಕೆಂಡಿಗೆ ಒಂದು ಕಟ್ಟು ಹೊರಡುತ್ತದೆ, ಕಟ್ಟಿನಲ್ಲಿ ಹಿಡಿಯುವುದು ಹೆಚ್ಚೆಂದರೆ 1023 ಬೈಟ್. ಒಂದು ಟ್ರ್ಯಾಕಿಗೆ 144 ಬೈಟ್ ಬೇಕು. ಏಳು ಟ್ರ್ಯಾಕಿಗೆ ಕಟ್ಟು ತುಂಬಿತು, ಅದೂ ಒಂದೇ ದಿಕ್ಕಿಗೆ. ಹೊರಗೆ ಚಂದದ ಸಿ-ಟೈಪ್ ಪೋರ್ಟ್ ಇದೆ ಅಂತ ನಂಬಬೇಡಿ, ಪೋರ್ಟಿನ ಆಕಾರಕ್ಕೂ ಒಳಗಿನ ವೇಗಕ್ಕೂ ಸಂಬಂಧವಿಲ್ಲ.

ಇರುವ ಮಿಕ್ಸರ್‌ನಲ್ಲೇ ಒಂದು ಉಪಾಯ ಮಾಡಿ. ಹಾಡುವವರ ನಾಲ್ಕೂ ಮೈಕಿನ ಪ್ಯಾನ್ (ದನಿಯನ್ನು ಎಡ-ಬಲಕ್ಕೆ ಸರಿಸುವ ಗುಂಡಿ) ಪೂರ್ತಿ ಎಡಕ್ಕೆ ತಿರುಗಿಸಿ, ವಾದ್ಯಗಳದ್ದು ಪೂರ್ತಿ ಬಲಕ್ಕೆ. ದನಿ ಒಂದು ಟ್ರ್ಯಾಕಿಗೆ ಬಂತು, ವಾದ್ಯ ಇನ್ನೊಂದಕ್ಕೆ. ಮಂದಿ ಕೂತ ಕಡೆಯ ಸ್ಪೀಕರ್‌ಗಳಿಗೆ ಮೇನ್ ಔಟ್ ಕೊಟ್ಟಿದ್ದರೆ ಮಾತ್ರ ಎಡಕ್ಕೆ ಕೂತವರಿಗೆ ಬರೀ ಹಾಡು, ಬಲಕ್ಕೆ ಕೂತವರಿಗೆ ಬರೀ ತಬಲಾ ಕೇಳಿಸುತ್ತದೆ. ಸ್ಪೀಕರ್‌ಗಳಿಗೆ ಆಕ್ಸ್‌ನಿಂದ (ಪ್ಯಾನ್‌ಗೆ ಸಿಗದ ಇನ್ನೊಂದು ಔಟ್) ಕೊಡಿ.

ಪ್ರಶ್ನೆ: ಎರಡೆರಡು ಮೈಕಿನ ಎರಡು ಇಂಟರ್‌ಫೇಸ್ (ಮೈಕಿನ ದನಿಯನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಕಳಿಸುವ ಡಬ್ಬಿ) ಇವೆ. ಎರಡನ್ನೂ ಒಂದೇ ಲ್ಯಾಪ್‌ಟಾಪಿಗೆ ಹಚ್ಚಿದರೆ ನಾಲ್ಕು ಟ್ರ್ಯಾಕ್ ಆಗುತ್ತಲ್ವಾ?
(ಬೆಳಗಾವಿಯ ಕಾಲೇಜು ಹುಡುಗ)

ಉತ್ತರ: ಆಗುತ್ತೆ, ಆಮೇಲೆ ಅಳಬೇಕಾಗುತ್ತೆ. ನಾನೂ ಮಾಡಿದ್ದೆ. ತಿಕೋಟಾ ಕಡೆ ಒಂದು ಭಜನೆಗೆ ಒಂದು ಇಂಟರ್‌ಫೇಸಿಗೆ ದನಿ, ಇನ್ನೊಂದಕ್ಕೆ ತಬಲಾ ಕೊಟ್ಟು ಎರಡು ಬೇರೆಬೇರೆ ಪ್ರೋಗ್ರಾಮಿನಲ್ಲಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೂಡಿಸಿದರೆ ಮೊದಲ ಪದ ಚೊಕ್ಕ ಇತ್ತು. ಕೊನೆಯ ಪದಕ್ಕೆ ಬರುವ ಹೊತ್ತಿಗೆ ತಬಲಾದವರು ಹಾಡಿನ ಹಿಂದೆ ಓಡಿ ಓಡಿ ಬರುತ್ತಿದ್ದರು. ಅವರ ತಪ್ಪೇನಿಲ್ಲ ಪಾಪ. ಪ್ರತಿ ಇಂಟರ್‌ಫೇಸಿನಲ್ಲೂ ಅದರದ್ದೇ ಗಡಿಯಾರ ಇರುತ್ತದೆ, ಎರಡು ಗಡಿಯಾರ ಎಂದೂ ಸರಿಯಾಗಿ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ ಬರೀ 50ರಷ್ಟು ವ್ಯತ್ಯಾಸ ಇದ್ದರೂ ಒಂದು ತಾಸಿಗೆ 180 ಮಿಲಿಸೆಕೆಂಡ್ ಆಗುತ್ತದೆ, ತಾಳ ತಪ್ಪಲು ಅಷ್ಟು ಧಾರಾಳ ಸಾಕು. ಮ್ಯಾಕ್ ಇದ್ದರೆ ಅಗ್ರಿಗೇಟ್ ಡಿವೈಸ್ (ಎರಡನ್ನೂ ಒಂದೇ ಅಂತ ಲೆಕ್ಕ ಹಿಡಿಯುವುದು) ಮಾಡಿ ಡ್ರಿಫ್ಟ್ ಕರೆಕ್ಷನ್ (ಗಡಿಯಾರಗಳ ವ್ಯತ್ಯಾಸ ಸರಿಪಡಿಸುವುದು) ಆನ್ ಮಾಡಿ. ವಿಂಡೋಸ್ ಆದರೆ ಎರಡನ್ನೂ ಮಾರಿ ನಾಲ್ಕು ಇನ್‌ಪುಟ್ಟಿನ ಒಂದನ್ನು ತಗೋ ತಮ್ಮಾ.

ಪ್ರಶ್ನೆ: ರೆಕಾರ್ಡಿಂಗ್ ನಡುವೆ ಟಕ್ ಟಕ್ ಅಂತ ಸದ್ದು ಬೀಳುತ್ತದೆ. ಯುಎಸ್‌ಬಿ 3 ಲ್ಯಾಪ್‌ಟಾಪ್ ತಗೊಳ್ಳಲೇ? ನಮ್ಮದು ಗೀಗಿ ಪದದ ಮೇಳ.
(ವಿಜಯಪುರದ ಓದುಗರು)

ಉತ್ತರ: ಬೇಡ. ಪೆನ್‌ಡ್ರೈವಿಗೆ ಫೈಲ್ ಹಾಕುವಾಗ ಒಂದು ತುಣುಕು ಕೆಟ್ಟರೆ ಕಂಪ್ಯೂಟರ್ ಮತ್ತೆ ಕಳಿಸುತ್ತದೆ. ಯುಎಸ್‌ಬಿಯಲ್ಲಿ ದನಿ ಹೋಗುವಾಗ ಹಾಗಿಲ್ಲ. ಹೋದದ್ದು ಹೋಯಿತು, ಆ ಜಾಗದಲ್ಲಿ ಟಕ್. ರೆಕಾರ್ಡಿಂಗ್ ಪ್ರೋಗ್ರಾಮಿನ ಸೆಟಿಂಗ್‌ನಲ್ಲಿ ಬಫರ್ (ದನಿಯನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಜಾಗ) 64 ಇದ್ದರೆ 512 ಮಾಡಿ, ಹಬ್ ತೆಗೆದು ನೇರ ಪೋರ್ಟಿಗೆ ಹಚ್ಚಿ, ಕೇಬಲ್ ಐದು ಮೀಟರ್ ಮೀರದಿರಲಿ, ವೈಫೈ ಆಫ್ ಮಾಡಿ.

ಆದರೂ ನಿಲ್ಲದಿದ್ದರೆ ಲ್ಯಾಪ್‌ಟಾಪನ್ನೇ ನಡುವಿನಿಂದ ಬಿಡಿಸಿ, ಕಾರ್ಡಿಗೆ ರೆಕಾರ್ಡ್ ಮಾಡುವ ಮಿಕ್ಸರ್ ನೋಡಿ. ಝೂಮ್ ಎಲ್-12 ಹನ್ನೆರಡು ಟ್ರ್ಯಾಕ್, ಜೊತೆಗೆ ಎಡ-ಬಲದ ಮಿಕ್ಸ್, ಎಲ್ಲವನ್ನೂ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. (ಅದನ್ನೇ ಲ್ಯಾಪ್‌ಟಾಪಿಗೆ ಹಚ್ಚಿದರೆ 14 ಹೋಗುತ್ತವೆ, ವಾಪಸ್ ಬರುವುದು ನಾಲ್ಕೇ.) 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ 14 ಟ್ರ್ಯಾಕ್ ಒಂದು ತಾಸಿಗೆ ಸುಮಾರು 7.3 ಜಿಬಿ ತಿನ್ನುತ್ತವೆ. 32 ಜಿಬಿ ಕಾರ್ಡ್ ನಾಲ್ಕು ತಾಸಿಗೆ ಬಂದೀತು. ನಿಮ್ಮ ಸವಾಲ್-ಜವಾಬು ಬೆಳತನಕ ನಡೆಯುವುದಾದರೆ ಇನ್ನೆರಡು ಕಾರ್ಡ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ.