ಕಸ್ತೂರಿ ಯಾಕೆ ಚಿಲಕ ಹಾಕುತ್ತಾಳೆ?

ಪ್ರಿಯ ಗೆಳತಿ,

ನಿಮ್ಮ ಕಥೆ ತಲುಪಿ ಮೂರು ವಾರ ಆಯಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಆದರೆ ನೀವು ಇದನ್ನು ಬಿಟ್ಟುಬಿಡಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ ಕಂಡ ಕಥೆ ಇದು. ಕಸ್ತೂರಿ ಯಾದಗಿರಿ ಕಡೆಯ ಹಳ್ಳಿಯವಳು. ಗಂಡ ಆರು ವರ್ಷ ಹೊಡೆದ. ಅವಳು ಮನೆ ಬಿಟ್ಟು ಕಲಬುರಗಿಗೆ ಬಂದಳು. ಬ್ರಹ್ಮಪುರದಲ್ಲಿ ಒಂದು ಖೋಲಿ ಹಿಡಿದು, ತೊಗರಿ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದಳು. ಒಂದು ದಿನ ಸೂಪರ್‌ವೈಸರ್ ಚೀಲ ಇಳಿಸಲು ಕೈ ಎತ್ತುತ್ತಾನೆ. ಅವಳು ಕಿರುಚಿ ಮೂರ್ಛೆ ಹೋಗುತ್ತಾಳೆ. ಜನ ಹುಚ್ಚಿ ಅನ್ನುತ್ತಾರೆ. ಡಾಕ್ಟರ್ ಒಬ್ಬರು ಒಂದೂವರೆ ಪುಟ ವಿವರಣೆ ಕೊಡುತ್ತಾರೆ. ಕೊನೆಗೆ ಅವಳು ಸದಾ ಹಾಕಿಕೊಂಡಿರುತ್ತಿದ್ದ ಖೋಲಿಯ ಚಿಲಕ ತೆಗೆದು, ಬಿಸಿಲಿಗೆ ಮುಖವೊಡ್ಡಿ ನಗುತ್ತಾಳೆ.

ಮೊದಲು ಆ ಮೂರ್ಛೆ. ಮನೆಯಲ್ಲಿ ಕಿರುಚಿದರೆ ಇನ್ನೊಂದು ಏಟು ಬೀಳುತ್ತಿತ್ತು ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಆರು ವರ್ಷ ಬಾಯಿ ಬಿಗಿಹಿಡಿದು ಬದುಕಿದವಳು ಮಿಲ್ಲಿನಲ್ಲಿ ಯಾಕೆ ಕಿರುಚುತ್ತಾಳೆ? ಅವಳು ಕಲ್ಲಿನಂತೆ ನಿಂತುಬಿಡಬಹುದು. ಆಮೇಲೆ "ಹೂಂರಿ ಸಾಹೇಬ್ರ" ಅಂದು ನಕ್ಕು, ಕೆಲಸ ಮುಂದುವರಿಸಬಹುದು. ಸಂಜೆ ಮನೆಗೆ ಬಂದ ಮೇಲೆ ಕೈ ನಡುಗಿ ಬೆಂಕಿಕಡ್ಡಿ ಗೀರಲಾಗದೇ ಇರಬಹುದು.

ನನ್ನ ಸೋದರತ್ತೆಯೊಬ್ಬಳಿದ್ದಳು. ಮದುವೆ ಊಟದ ಪಂಕ್ತಿಯಲ್ಲೂ ಗೋಡೆಗೆ ಬೆನ್ನು ಹಚ್ಚಿ, ಬಾಗಿಲು ಕಾಣುವ ಹಾಗೆ ಕೂರುತ್ತಿದ್ದಳು. ಅದಕ್ಕಾಗಿ ಜಾಗ ಬದಲಿಸಿಕೊಳ್ಳುತ್ತಿದ್ದಳು. ಮಕ್ಕಳಾದ ನಾವು ಅದನ್ನು ಹಟ ಅಂದುಕೊಂಡಿದ್ದೆವು. ಅವಳು ಕಿರುಚಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅವಳ ಗಂಡನ ವಿಷಯ ನಮಗೆ ಗೊತ್ತಾದದ್ದು ಅವಳು ಹೋದ ಮೇಲೆ.

ನಿಮ್ಮ ಕಥೆಯಲ್ಲಿ ಭಯ ಒಂದು ರೋಗದ ಹಾಗೆ ಬಂದು ಹೋಗುತ್ತದೆ. ನಾನು ಒಪ್ಪದಿರುವುದು ಇಲ್ಲಿಯೇ. ಕಸ್ತೂರಿಯ ಭಯ ಅವಳು ಕಲಿತ ವಿದ್ಯೆ. ಆ ಮನೆಯಲ್ಲಿ ಗಂಡನ ಗಾಡಿಯ ಸ್ಟ್ಯಾಂಡು ಬೀಳುವ ಸದ್ದಿನಲ್ಲೇ ಇವತ್ತು ಹೇಗಿದೆ ಎಂದು ಅವಳಿಗೆ ತಿಳಿಯಬೇಕಿತ್ತು. ಚಪ್ಪಲಿ ಮೆಲ್ಲಗೆ ಬಿಟ್ಟನೋ, ಎಸೆದನೋ. ನೀರು ಕೇಳಿದನೋ, ಸುಮ್ನೆ ನಿಂತನೋ. ಅದನ್ನು ಸರಿಯಾಗಿ ಓದಿದ ದಿನ ಅವಳು ಉಳಿದಳು. ಸುಳ್ಳು ಅಂಜಿಕೆಯಿಂದ ಕಳೆದುಕೊಳ್ಳುವುದು ಒಂದು ರಾತ್ರಿಯ ನಿದ್ದೆ. ನಿಜದ ಅಪಾಯ ತಪ್ಪಿ ಹೋದರೆ ಕಳೆದುಕೊಳ್ಳುವುದು ಹಲ್ಲು, ಕಣ್ಣು, ಕೆಲವೊಮ್ಮೆ ಜೀವ. ಹಾಗಿರುವಾಗ ಮೆದುಳು ಸುಳ್ಳು ಅಂಜಿಕೆಯನ್ನೇ ಆರಿಸಿಕೊಳ್ಳುತ್ತದೆ, ಅಲ್ವಾ?

ಇದಕ್ಕೆ ಪುರಾವೆ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೆತ್ ಪೊಲಾಕ್ ಮತ್ತು ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಂಜು ಮುಸುಕಿದಂತಿರುವ ಮುಖದ ಚಿತ್ರವನ್ನು ಸ್ವಲ್ಪ ಸ್ವಲ್ಪವೇ ಸ್ಪಷ್ಟ ಮಾಡುತ್ತಾ ಮಕ್ಕಳಿಗೆ ತೋರಿಸಿದರು. ಮನೆಯಲ್ಲಿ ಏಟು ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಉಳಿದ ಮಕ್ಕಳಿಗಿಂತ ಬೇಗ ಗುರುತಿಸಿದರು. ಚಿತ್ರ ಇನ್ನೂ ಮಸುಕಾಗಿರುವಾಗಲೇ. ಆ ಮಕ್ಕಳಿಗೆ ದೃಷ್ಟಿದೋಷವಿರಲಿಲ್ಲ. ಅವರ ಕಣ್ಣು ಸಿಟ್ಟಿಗೆ ಪಳಗಿತ್ತು.

ತೊಂದರೆ ಶುರುವಾಗುವುದು ಮನೆ ಬದಲಾದಾಗ. ವಿದ್ಯೆ ಜೊತೆಗೇ ಬರುತ್ತದೆ. ಮೆದುಳಿನಲ್ಲಿ ಅಮಿಗ್ಡಲಾ ಎಂಬ ಚಿಕ್ಕ ಭಾಗವಿದೆ. ನಾವು ಯೋಚಿಸುವ ಮೊದಲೇ ಅದು ಗಂಟೆ ಬಾರಿಸುತ್ತದೆ. ಇದು ಯಾವ ಊರು, ಯಾವ ಹೊತ್ತು, ಈ ಮನುಷ್ಯ ಯಾರು ಎಂದು ತೂಗಿ ನೋಡುವ ಭಾಗಗಳು ಬೇರೆ. ಅವು ಹಿಂದೆ ಬೀಳುತ್ತವೆ. ಹೀಗಾಗಿ ಸೂಪರ್‌ವೈಸರ್‌ನ ಕೈ ಅವಳಿಗೆ ಗಂಡನ ಕೈಯಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಪಿಟಿಎಸ್‌ಡಿಗೆ (ದೊಡ್ಡ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಗೆ) ಅದು ಹೇಳುವ ಮೂರು ಮುಖ್ಯ ಲಕ್ಷಣಗಳಲ್ಲಿ ಒಂದು, ಅಪಾಯ ಈಗಲೂ ಇದೆ ಎಂಬ ಅನಿಸಿಕೆ ಬಿಡದೇ ಇರುವುದು. ಆ 'ಈಗಲೂ' ಎಂಬ ಪದದ ಮೇಲೆ ನಿಮ್ಮ ಇಡೀ ಕಥೆ ನಿಲ್ಲಬಹುದು.

ಇದನ್ನೆಲ್ಲ ಡಾಕ್ಟರ ಬಾಯಲ್ಲಿ ಹೇಳಿಸಬೇಡಿ. ಆ ಒಂದೂವರೆ ಪುಟ ತೆಗೆದುಬಿಡಿ. ಶುರುವಿನ ಹೊಡೆತದ ದೃಶ್ಯವೂ ಅಷ್ಟು ಉದ್ದ ಬೇಡ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ನಿಮ್ಮ ಕಥೆ ಓದುವವರಲ್ಲಿ ಅವರೂ ಇರುತ್ತಾರೆ. ಏಟು ಹೇಗೆ ಬೀಳುತ್ತದೆ ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಅದರ ಬದಲು ನಮ್ಮ ಊರನ್ನು ಅವಳ ಕಿವಿಯಿಂದ ಕೇಳಿಸಿ. ನಮ್ಮಲ್ಲಿ ರೊಟ್ಟಿ 'ಬಡಿಯುತ್ತಾರೆ'. ಬೆಳಿಗ್ಗೆ ಐದೂವರೆಗೆ ಬ್ರಹ್ಮಪುರದ ಓಣಿಯಲ್ಲಿ ನಾಲ್ಕು ಮನೆಯಿಂದ ಪಟಪಟ ಸದ್ದು ಏಳುತ್ತದೆ. ಬೇರೆಯವರಿಗೆ ಅದು ಹಸಿವಿನ ಸದ್ದು. ನಿದ್ದೆಯಲ್ಲಿರುವ ಕಸ್ತೂರಿಗೆ? ಶಹಾಬಾದ್ ಪರಸಿ ಕಲ್ಲಿನ ನೆಲದ ಮೇಲೆ ಚಪ್ಪಲಿ ಎಳೆಯುವ ಸದ್ದು ಎಷ್ಟು ದೂರದಿಂದ ಕೇಳುತ್ತದೆ, ಗೊತ್ತಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಓಣಿಯ ಜನವೆಲ್ಲ ಮಾಳಿಗೆ ಹತ್ತಿ ಮಲಗುತ್ತಾರೆ. ಅವಳೊಬ್ಬಳು ಒಳಗೆ ಚಿಲಕ ಹಾಕಿಕೊಂಡಿರುತ್ತಾಳೆ. "ಇಷ್ಟು ಝಳದಾಗ ಬಾಗ್ಲಾ ಹಾಕ್ಕೊಂಡು ಹ್ಯಾಂಗ ಮಕ್ಕೋತಿಯವ್ವ?" ಎಂದು ಪಕ್ಕದ ಮನೆಯಾಕೆ ಕೇಳಲಿ. ಕಸ್ತೂರಿ ಏನೋ ಸುಳ್ಳು ಹೇಳಲಿ. ನಿಮ್ಮ ಮಿಲ್ಲಿನ ದೃಶ್ಯಕ್ಕಿಂತ ಇದು ಜಾಸ್ತಿ ಹೇಳುತ್ತದೆ.

ಇನ್ನು ನಾಲ್ಕನೇ ಪುಟ. ಕಸ್ತೂರಿಯನ್ನು ಹುಡುಕಿಕೊಂಡು ಗಂಡ ಅವಳ ತವರಿಗೆ ಇಬ್ಬರನ್ನು ಕರೆದುಕೊಂಡು ಬಂದಿದ್ದ ಎಂದು ಒಂದು ಸಾಲು ಬರೆದು, ನೀವೇ ಮರೆತುಬಿಟ್ಟಿರಿ. ಅದು ನನ್ನನ್ನು ಬಹಳ ಕಾಡಿತು. ಹಿಂಸೆ ಮಾಡುವವನನ್ನು ಬಿಟ್ಟು ಹೊರಟ ಹೊತ್ತೇ ಹೆಣ್ಣಿಗೆ ಅತಿ ಅಪಾಯದ ಹೊತ್ತು ಎಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಹೇಳುತ್ತಾರೆ. ಅಂದಮೇಲೆ ಅವಳ ಚಿಲಕ ಪೂರ್ತಿ ಸುಳ್ಳು ಅಂಜಿಕೆಯೇ? ಸೂಪರ್‌ವೈಸರ್ ವಿಷಯದಲ್ಲಿ ಅವಳು ತಪ್ಪಿರಬಹುದು. ಚಿಲಕದ ವಿಷಯದಲ್ಲಿ ಸರಿ ಇರಬಹುದು. ಎರಡೂ ಒಂದೇ ದಿನ, ಒಂದೇ ಎದೆಬಡಿತದಲ್ಲಿ ಬರುತ್ತವೆ. ಯಾವುದು ಯಾವುದೆಂದು ಅವಳಿಗೇ ತಿಳಿಯುವುದಿಲ್ಲ. "ಸುಮ್ನೆ ಅಂಜತಿ" ಅನ್ನುವವರಿಗಂತೂ ತಿಳಿಯುವುದೇ ಇಲ್ಲ. ಓದುಗರಿಗೂ ಬೇಗ ಹೇಳಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅವಳು ಕೋರ್ಟಿನಿಂದ ರಕ್ಷಣಾ ಆದೇಶ ಪಡೆಯಬಹುದು. ಕಥೆಯಲ್ಲಿ ಯಾರೊಬ್ಬರೂ ಅವಳಿಗೆ ಅದನ್ನು ಹೇಳುವುದಿಲ್ಲ. ಅದು ಬೇಕೆಂದೇ ಬಿಟ್ಟದ್ದಾದರೆ ಸರಿ.

ಮನೆ ಮಾಲೀಕನ ಪಾತ್ರವನ್ನೂ ನೋಡಿ. ಮೆತ್ತಗೆ ಮಾತಾಡುತ್ತಾನೆ, ಬಾಡಿಗೆಗೆ ಅವಸರ ಮಾಡುವುದಿಲ್ಲ, ಆಗಾಗ ಬಾಗಿಲ ಬಳಿ ನಿಲ್ಲುತ್ತಾನೆ. ಅವನನ್ನು ಒಳ್ಳೆಯವನೆಂದು ಬಿಟ್ಟುಬಿಟ್ಟಿದ್ದೀರಿ. ನನಗೆ ಅನುಮಾನ ಬಂತು. ಕಸ್ತೂರಿಗೆ ಬರಲಿಲ್ಲ. ಇದೂ ನಿಜ ಬದುಕಿನಲ್ಲಿ ಆಗುತ್ತದೆ. ಗದ್ದಲಕ್ಕೆ ಪಳಗಿದ ಕಿವಿ ಮೆಲುದನಿಯ ಅಪಾಯವನ್ನು ಕೇಳದೇ ಹೋಗಬಹುದು. ಕೆಲವರಲ್ಲಿ ಮನಸ್ಸು ಮರಗಟ್ಟಿ, ಗಂಟೆ ಬಾರಿಸುವುದೇ ನಿಂತುಹೋಗುತ್ತದೆ. ಅವನನ್ನು ಏನು ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಸುಮ್ನೆ ನಿಲ್ಲಿಸಿ ಹೋಗಬೇಡಿ.

ಆ ಕೊನೆಯ ನಗು ನನಗೆ ಬೇಡ. ಭಯದ ನೆನಪು ಅಳಿಸಿ ಹೋಗುವುದಿಲ್ಲ. 'ಇಲ್ಲಿ ಏನೂ ಆಗಲಿಲ್ಲ' ಎಂಬ ಹೊಸ ಕಲಿಕೆ ಅದರ ಮೇಲೆ ಪದರ ಪದರವಾಗಿ ಕೂರುತ್ತದೆ. ಜಾಗ ಬದಲಾದರೆ ಹಳೆಯದು ಮತ್ತೆ ಏಳುತ್ತದೆ. ಚಿಕಿತ್ಸೆಯೂ ಆ ಹೊಸ ಪದರಕ್ಕೇ ನೆರವಾಗುತ್ತದೆ. ಅವಳು ಒಂದು ರಾತ್ರಿ ಮಾಳಿಗೆಯ ಮೆಟ್ಟಿಲವರೆಗೆ ಹೋಗಿ ಕೂರಲಿ. ಅಷ್ಟು ಸಾಕು. ಮರುದಿನ ಮತ್ತೆ ಒಳಗೇ ಮಲಗಿದರೂ ಕಥೆ ಸೋಲುವುದಿಲ್ಲ.

ಜೊತೆಗಿದ್ದ ಪತ್ರದಲ್ಲಿ 'ಇದು ನಮ್ಮ ಮನೆಯಲ್ಲೇ ನಡೆದದ್ದು' ಎಂದಿದ್ದೀರಿ. ಯಾರಿಗೆ ಎಂದು ನಾನು ಕೇಳುವುದಿಲ್ಲ. ನಿಮಗೇ ಆಗಿದ್ದರೆ, ಬರೆಯುವಾಗ ಎದೆ ಬಿಗಿದರೆ ಪೆನ್ನು ಕೆಳಗಿಡಿ. ಕಥೆ ಕಾಯುತ್ತದೆ. ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದುಡ್ಡು ಕೊಡದೆ ಕನ್ನಡದಲ್ಲೇ ಮಾತಾಡಬಹುದು. ಈಗಲೂ ಯಾರಾದರೂ ಕೈ ಎತ್ತುತ್ತಿದ್ದರೆ 181 ಮಹಿಳಾ ಸಹಾಯವಾಣಿ ಇದೆ, ತುರ್ತಿದ್ದರೆ 112.

ಎಳ್ಳಮಾವಾಸ್ಯೆಯ ಹೊತ್ತಿಗೆ ತಿದ್ದಿ ಕಳಿಸಿದರೆ ನಾನೇ ಮೊದಲು ಓದುತ್ತೇನೆ. ತಡವಾದರೂ ಪರವಾಗಿಲ್ಲ. ನಾಲ್ಕನೇ ಪುಟದ ಆ ಸಾಲನ್ನು ಮಾತ್ರ ತೆಗೆಯಬೇಡಿ.

ನಿಮ್ಮ,
ಸಂಪಾದಕಿ